ರಕ್ತದ ಕಾಯಿಲೆಗೆ ಯಾವ ಡಾಕ್ಟರು?

ಕೆ.ಆರ್. ಪೇಟೆ ತಾಲ್ಲೂಕಿನ ನಿವೃತ್ತ ಶಿಕ್ಷಕರೊಬ್ಬರು ಬರೆದಿರುವ ಪತ್ರದ ಸಾರಾಂಶ ಹೀಗಿದೆ: 'ನನ್ನ ಅಣ್ಣನಿಗೆ 62 ವರ್ಷ. ನಾಲ್ಕು ತಿಂಗಳಿಂದ ವಿಪರೀತ ಸುಸ್ತು. ರಕ್ತ ಕಡಿಮೆಯಾಗಿದೆ ಎಂದು ಊರಿನಲ್ಲಿ ಟಾನಿಕ್ ಕೊಟ್ಟರು, ಸೂಜಿ ಹಾಕಿದರು. ಒಮ್ಮೆ ಎರಡು ಬಾಟಲಿ ರಕ್ತವನ್ನೂ ಕೊಡಿಸಿದ್ದಾಯಿತು. ಸ್ವಲ್ಪ ದಿನ ಚೆನ್ನಾಗಿದ್ದು ಮತ್ತೆ ಅದೇ ಪಾಡು. ಈಗ ಮೈಸೂರಿನ ವೈದ್ಯರೊಬ್ಬರು ಹೆಮಟಾಲಜಿಸ್ಟ್ ಹತ್ತಿರ ತೋರಿಸಿ ಎಂದು ಚೀಟಿ ಬರೆದುಕೊಟ್ಟಿದ್ದಾರೆ. ವಿಚಾರಿಸಿದರೆ ಒಬ್ಬರ ಬೋರ್ಡಿನಲ್ಲಿ ಡಿ.ಎಂ. ಎಂದಿದೆ, ಇನ್ನೊಬ್ಬರ ಬೋರ್ಡಿನಲ್ಲಿ ಫೆಲೋಷಿಪ್ ಎಂದಿದೆ. ಅಮೆರಿಕದಲ್ಲಿರುವ ನನ್ನ ತಂಗಿಯ ಮಗನೂ ಕ್ಯಾನ್ಸರ್ ಫೆಲೋಷಿಪ್ ಮಾಡುತ್ತಿದ್ದಾನೆ. ಇವರಲ್ಲಿ ಯಾರು ಹೆಚ್ಚು? ನಾವು ಯಾರ ಬಳಿ ಹೋಗಬೇಕು? ಹೆಮಟಾಲಜಿಸ್ಟ್ ಎಂದರೆ ಕ್ಯಾನ್ಸರ್ ಡಾಕ್ಟರೇ? ಅಣ್ಣನಿಗೆ ನಾವಿನ್ನೂ ಏನೂ ಹೇಳಿಲ್ಲ.'

ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಮನೆಯವರ ನಿದ್ದೆ ಕೆಡಿಸಿರುವುದು ಅದೇ. ಹೆಮಟಾಲಜಿಸ್ಟ್ ಎಂದರೆ ರಕ್ತರೋಗ ತಜ್ಞ. ಅವರು ನೋಡುವ ಕಾಯಿಲೆಗಳಲ್ಲಿ ಕ್ಯಾನ್ಸರ್ ಅಲ್ಲದವೇ ಬೇಕಾದಷ್ಟಿವೆ. ಕಬ್ಬಿಣದ ಅಂಶ ಕಡಿಮೆಯಾಗಿ ಬರುವ ರಕ್ತಹೀನತೆ, ಬಿ-12 ಜೀವಸತ್ವದ ಕೊರತೆ, ಮಕ್ಕಳಿಗೆ ಹುಟ್ಟಿನಿಂದಲೇ ಬರುವ ಥಲಸೇಮಿಯ, ಎಚ್.ಡಿ. ಕೋಟೆ ಮತ್ತು ಚಾಮರಾಜನಗರದ ಕಾಡಂಚಿನ ಗಿರಿಜನರಲ್ಲಿ ಕಂಡುಬರುವ ಕುಡಗೋಲು ಕಣ ರೋಗ, ಗಾಯವಾದರೆ ರಕ್ತ ನಿಲ್ಲದ ಕುಸುಮರೋಗ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದು, ಇವೆಲ್ಲ ಅವರ ಪಾಲಿನವೇ. ಇವುಗಳ ಜೊತೆಗೆ ರಕ್ತದ ಕ್ಯಾನ್ಸರ್‌ಗಳಾದ ಲುಕೇಮಿಯ, ದುಗ್ಧಗ್ರಂಥಿಗಳ ಲಿಂಫೋಮ, ಮೂಳೆಯೊಳಗಿನ ಮಜ್ಜೆಯಲ್ಲಿ ಬೆಳೆಯುವ ಮೈಲೋಮಗಳನ್ನೂ ಅವರು ನೋಡುತ್ತಾರೆ. ಆದ್ದರಿಂದ ಚೀಟಿಯಲ್ಲಿ ಹೆಮಟಾಲಜಿಸ್ಟ್ ಎಂದು ಬರೆದ ಮಾತ್ರಕ್ಕೆ ಎದೆ ಒಡೆದುಕೊಳ್ಳಬೇಕಾಗಿಲ್ಲ. ನಾಲ್ಕು ತಿಂಗಳ ಸುಸ್ತು, ಮೂರೂ ಬಗೆಯ ರಕ್ತಕಣಗಳ ಇಳಿಕೆ ಎಂದು ಹೆದರಿ ಬಂದ ಹಿರಿಯರಲ್ಲಿ ಕೊನೆಗೆ ಬರೀ ಬಿ-12 ಕೊರತೆ ಇರುವುದು ಗೊತ್ತಾಗಿ, ಕೆಲವು ಸೂಜಿಮದ್ದಿನಲ್ಲಿ ಚೇತರಿಸಿಕೊಂಡವರು ನಮ್ಮಲ್ಲಿ ಎಷ್ಟೋ ಜನರಿದ್ದಾರೆ.

ಕ್ಯಾನ್ಸರ್ ತಜ್ಞರಲ್ಲಿ ಮೂರು ಪಂಗಡ. ಗೆಡ್ಡೆಯನ್ನು ಕತ್ತರಿಸಿ ತೆಗೆಯುವವರು ಶಸ್ತ್ರಚಿಕಿತ್ಸಕರು. ವಿಕಿರಣ ಕೊಡುವವರು ಇನ್ನೊಬ್ಬರು. ಜನ ಇದನ್ನೇ 'ಕರೆಂಟ್ ಕೊಡುವುದು' ಎನ್ನುತ್ತಾರೆ. ಔಷಧಿಯಿಂದ, ಅಂದರೆ ಕಿಮೊಥೆರಪಿಯಿಂದ ಚಿಕಿತ್ಸೆ ಮಾಡುವವರು ಮೆಡಿಕಲ್ ಆಂಕಾಲಜಿಸ್ಟ್. ರಕ್ತದ ಕ್ಯಾನ್ಸರ್‌ಗೆ ಕತ್ತಿಯ ಕೆಲಸ ಅಷ್ಟಾಗಿ ಇಲ್ಲ. ಆದ್ದರಿಂದ ನಮ್ಮ ದೇಶದಲ್ಲಿ ಅದನ್ನು ಕೆಲವು ಆಸ್ಪತ್ರೆಗಳಲ್ಲಿ ಹೆಮಟಾಲಜಿಸ್ಟರೂ ಕೆಲವು ಕಡೆ ಮೆಡಿಕಲ್ ಆಂಕಾಲಜಿಸ್ಟರೂ ನೋಡುತ್ತಾರೆ. ಇಬ್ಬರೂ ಸರಿಯೇ.

ಇನ್ನು ಬೋರ್ಡಿನ ಅಕ್ಷರಗಳು. ಪಿ.ಯು.ಸಿ. ಮುಗಿಸಿದ ಹುಡುಗ ಅಥವಾ ಹುಡುಗಿಗೆ ಎಂ.ಬಿ.ಬಿ.ಎಸ್. ಓದು ನಾಲ್ಕೂವರೆ ವರ್ಷ, ಆಸ್ಪತ್ರೆಯಲ್ಲಿ ಹೌಸ್ ಸರ್ಜನ್ ಆಗಿ ದುಡಿಯುವುದು ಒಂದು ವರ್ಷ. ಆಮೇಲೆ ಪ್ರವೇಶ ಪರೀಕ್ಷೆ ಬರೆದು ಸಾಮಾನ್ಯ ವೈದ್ಯಶಾಸ್ತ್ರದಲ್ಲೋ ಮಕ್ಕಳ ವಿಭಾಗದಲ್ಲೋ ಎಂ.ಡಿ. ಮೂರು ವರ್ಷ. ಮತ್ತೊಂದು ಪ್ರವೇಶ ಪರೀಕ್ಷೆ ಗೆದ್ದರೆ ಡಿ.ಎಂ. ಮೂರು ವರ್ಷ. ಎಲ್ಲಿಯೂ ಎಡವದೆ ನಡೆದರೆ ಹನ್ನೊಂದೂವರೆ ವರ್ಷ. ರಾಷ್ಟ್ರೀಯ ಪರೀಕ್ಷಾ ಮಂಡಳಿಯವರು ಕೊಡುವ ಡಿಆರ್‌ಎನ್‌ಬಿ ಎಂಬ ಪದವಿಯೂ ಡಿ.ಎಂ.ಗೆ ಸಮಾನವಾದುದೇ. ವಿಕಿರಣ ಚಿಕಿತ್ಸೆಯವರ ದಾರಿ ಬೇರೆ, ಎಂ.ಬಿ.ಬಿ.ಎಸ್. ಆದಮೇಲೆ ನೇರವಾಗಿ ಆ ವಿಷಯದಲ್ಲೇ ಎಂ.ಡಿ. ಮಾಡುತ್ತಾರೆ. ಶಸ್ತ್ರಚಿಕಿತ್ಸಕರು ಎಂ.ಎಸ್. ನಂತರ ಎಂ.ಸಿಎಚ್. ಮಾಡುತ್ತಾರೆ. 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆ ನಮ್ಮ ರಾಜ್ಯದಲ್ಲಿ ಇಂಥ ತಜ್ಞರನ್ನು ತಯಾರು ಮಾಡುವ ಮುಖ್ಯ ಜಾಗ.

ಫೆಲೋಷಿಪ್ ಎಂಬ ಪದವೇ ತೊಡಕಿನದು. ಅದಕ್ಕೆ ಒಂದು ಅರ್ಥವಿಲ್ಲ. ಅಮೆರಿಕದಲ್ಲಿ ಸಾಮಾನ್ಯ ವೈದ್ಯಶಾಸ್ತ್ರದಲ್ಲಿ ಮೂರು ವರ್ಷದ ರೆಸಿಡೆನ್ಸಿ ಮುಗಿಸಿದವರು ಇನ್ನೂ ಮೂರು ವರ್ಷ ರಕ್ತರೋಗ ಮತ್ತು ಕ್ಯಾನ್ಸರ್ ಎರಡನ್ನೂ ಸೇರಿಸಿ ಕಲಿಯುತ್ತಾರೆ. ಆ ಕಲಿಕೆಗೆ ಅಲ್ಲಿ ಫೆಲೋಷಿಪ್ ಎನ್ನುತ್ತಾರೆ. ಪತ್ರ ಬರೆದವರ ತಂಗಿಯ ಮಗ ಮಾಡುತ್ತಿರುವುದು ಇದೇ ಇರಬೇಕು. ಅಂದರೆ ಅವನ ಫೆಲೋಷಿಪ್ ನಮ್ಮ ಡಿ.ಎಂ.ಗೆ ಹೆಚ್ಚುಕಡಿಮೆ ಸಮ. (ಎಂ.ಡಿ. ಎಂಬ ಎರಡಕ್ಷರದಲ್ಲೂ ಇಂಥದೇ ಗೊಂದಲವಿದೆ. ಅಮೆರಿಕದಲ್ಲಿ ಅದು ವೈದ್ಯರ ಮೊದಲ ಪದವಿ, ನಮ್ಮಲ್ಲಿ ಸ್ನಾತಕೋತ್ತರ ಪದವಿ.) ನಮ್ಮಲ್ಲಿ ಫೆಲೋಷಿಪ್ ಎಂದರೆ ಬಹುಮಟ್ಟಿಗೆ ಬೇರೆಯೇ. ರಾಷ್ಟ್ರೀಯ ಪರೀಕ್ಷಾ ಮಂಡಳಿಯ ಎರಡು ವರ್ಷದ ಫೆಲೋಷಿಪ್‌ಗಳಿವೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಂತಹ ಕಡೆ ಎಂ.ಡಿ. ಆದವರು ಒಂದು ವಿಷಯದಲ್ಲಿ ಕೈಪಳಗಿಸಿಕೊಳ್ಳಲು ಸೇರುವ ಫೆಲೋಷಿಪ್‌ಗಳಿವೆ. ಡಿ.ಎಂ. ಆದವರೇ ಅಸ್ಥಿಮಜ್ಜೆ ಕಸಿಯಂತಹ ಒಂದೇ ಕೆಲಸವನ್ನು ಕಲಿಯಲು ದೇಶದಲ್ಲೋ ಹೊರದೇಶದಲ್ಲೋ ಒಂದೆರಡು ವರ್ಷ ಮಾಡುವ ಫೆಲೋಷಿಪ್ ಉಂಟು. ಮನೆಯಲ್ಲೇ ಕುಳಿತು ಅಂಚೆಯ ಮೂಲಕವೋ ಕಂಪ್ಯೂಟರ್ ಮೂಲಕವೋ ಪಡೆಯುವ ಸರ್ಟಿಫಿಕೇಟಿಗೂ ಈಚೆಗೆ ಇದೇ ಹೆಸರಿಟ್ಟುಕೊಂಡಿದ್ದಾರೆ. ಹೀಗಾಗಿ ಬೋರ್ಡಿನಲ್ಲಿ ಫೆಲೋಷಿಪ್ ಎಂದು ಕಂಡರೆ ಕೇಳಬೇಕಾದುದು ಎರಡೇ ಮಾತು. ಅದಕ್ಕೆ ಮೊದಲು ಯಾವ ಪದವಿ ಇದೆ? ಎಲ್ಲಿ, ಎಷ್ಟು ಕಾಲ ಮಾಡಿದ್ದು? ಕೇಳಿದರೆ ಒಳ್ಳೆಯ ವೈದ್ಯರು ಬೇಸರ ಮಾಡಿಕೊಳ್ಳುವುದಿಲ್ಲ. ಕೇಳಲು ಸಂಕೋಚವಾದರೆ ಅವರ ನೋಂದಣಿ ಸಂಖ್ಯೆ ಗುರುತು ಮಾಡಿಕೊಂಡು ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ವಿಚಾರಿಸಬಹುದು.

ಹೊರಗೆ ಹೋಗಿ ಕಲಿತುಬಂದವರ ಫೆಲೋಷಿಪ್ ನಮ್ಮ ದೇಶಕ್ಕೆ ಏನು ತಂದುಕೊಟ್ಟಿದೆ ಎಂಬುದಕ್ಕೆ ಡಾ. ಸುರೇಶ್ ಅಡ್ವಾಣಿ ಅವರ ಉದಾಹರಣೆ ಸಾಕು. ಬಾಲ್ಯದಲ್ಲಿ ಪೋಲಿಯೊ ತಗುಲಿ ಗಾಲಿಕುರ್ಚಿ ಹಿಡಿದವರು ಅವರು. ಅಮೆರಿಕದ ಸಿಯಾಟಲ್‌ನಲ್ಲಿ, ಮುಂದೆ 1990ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಡಾ. ಡೊನಾಲ್ ಥಾಮಸ್ ಅವರ ಕೇಂದ್ರದಲ್ಲಿ ಅಸ್ಥಿಮಜ್ಜೆ ಕಸಿ ಕಲಿತರು. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಗೆ ಹಿಂದಿರುಗಿ 1983ರಲ್ಲಿ ಲುಕೇಮಿಯ ಇದ್ದ ಒಂಬತ್ತು ವರ್ಷದ ಬಾಲಕಿಗೆ ಮಜ್ಜೆ ಕಸಿ ಮಾಡಿದರು. 1986ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಡಾ. ಮ್ಯಾಮೆನ್ ಚಾಂಡಿ ಅವರ ತಂಡ ಕಸಿ ಆರಂಭಿಸಿತು. ಆಮೇಲೆ ಕಲಿಯಲು ಸಮುದ್ರ ದಾಟಲೇಬೇಕೆಂಬುದು ತಪ್ಪಿತು.

ಇಷ್ಟು ವರ್ಷ ಏನನ್ನು ಕಲಿಯುತ್ತಾರೆ? ಔಷಧಿಗಳ ಹೆಸರನ್ನಲ್ಲ, ಅದು ಪುಸ್ತಕದಲ್ಲೇ ಸಿಗುತ್ತದೆ. ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ತೆಳ್ಳಗೆ ಸವರಿ, ಬಣ್ಣ ಕಟ್ಟಿ, ಸೂಕ್ಷ್ಮದರ್ಶಕದಲ್ಲಿ ನೋಡುವುದೇ ಈ ವಿದ್ಯೆಯ ಅಕ್ಷರಾಭ್ಯಾಸ. ಇಂದು ಯಂತ್ರಗಳು ನಿಮಿಷದೊಳಗೆ ಕಣಗಳನ್ನು ಎಣಿಸಿ ಕಾಗದದ ಮೇಲೆ ಕೊಡುತ್ತವೆ. ಆದರೆ ಯಂತ್ರ ಎಣಿಸುತ್ತದೆ, ಮುಖ ನೋಡಿ ಗುರುತು ಹಿಡಿಯುವುದಿಲ್ಲ. ಕೆಂಪು ಕಣ ಚಿಕ್ಕದಾಗಿ ಪೇಲವವಾಗಿದೆಯೇ, ದೊಡ್ಡದಾಗಿ ಮೊಟ್ಟೆಯಾಕಾರಕ್ಕೆ ತಿರುಗಿದೆಯೇ, ಬಿಳಿ ಕಣಗಳ ನಡುವೆ ಇರಬಾರದ ಎಳೆಯ ಕಣಗಳು ನುಸುಳಿವೆಯೇ ಎಂಬುದನ್ನು ಕಣ್ಣೇ ಹೇಳಬೇಕು. ಇಂಗ್ಲೆಂಡಿನಲ್ಲಿ ರೋಗಿಯನ್ನು ನೋಡುವ ರಕ್ತರೋಗ ತಜ್ಞರೇ ಪ್ರಯೋಗಾಲಯದ ಪರೀಕ್ಷೆಯನ್ನೂ ಪಾಸು ಮಾಡಬೇಕು. ನಮ್ಮಲ್ಲಿ ಪೆಥಾಲಜಿ ಎಂ.ಡಿ.ಯವರು ಪಟ್ಟಿ ನೋಡಿ ವರದಿ ಕೊಡುತ್ತಾರೆ, ಚಿಕಿತ್ಸೆ ಮಾಡುವವರು ಬೇರೆ. ಈ ಇಬ್ಬರೂ ಒಟ್ಟಿಗೆ ಕುಳಿತು ಮಾತಾಡುವ ಆಸ್ಪತ್ರೆ ಸಿಕ್ಕಿದರೆ ರೋಗಿಯ ಅದೃಷ್ಟ.

ಎರಡನೆಯದು ಮಜ್ಜೆಯ ಪರೀಕ್ಷೆ. ಸೊಂಟದ ಮೂಳೆಯ ಹಿಂಭಾಗದಲ್ಲಿ ಮರಗಟ್ಟುವ ಸೂಜಿ ಕೊಟ್ಟು, ಇನ್ನೊಂದು ಸೂಜಿಯಿಂದ ಸ್ವಲ್ಪ ಮಜ್ಜೆಯನ್ನು ತೆಗೆಯುತ್ತಾರೆ. ನಮ್ಮ ಹಳ್ಳಿಗಳಲ್ಲಿ ಇದನ್ನು 'ಬೆನ್ನಿನ ನೀರು ತೆಗೆಯುವುದು' ಎಂದುಕೊಂಡು, ಕಾಲು ಬಿದ್ದುಹೋಗುತ್ತದೆ, ಗಂಡಸುತನ ಹೋಗುತ್ತದೆ ಎಂದು ಹೆದರಿ ಆಸ್ಪತ್ರೆಯಿಂದಲೇ ಓಡಿಹೋದವರಿದ್ದಾರೆ. ಬೆನ್ನಿನ ನೀರಿನ ಪರೀಕ್ಷೆಯೇ ಬೇರೆ. ಮಜ್ಜೆ ತೆಗೆಯುವ ಜಾಗದಲ್ಲಿ ಬೆನ್ನುಹುರಿಯೇ ಇಲ್ಲ. ಒಂದೆರಡು ದಿನ ನೋವಿರುತ್ತದೆ, ಅಷ್ಟೇ.

ಮೂರನೆಯದು, ಕಲಿಯಲು ಬಹಳ ಕಷ್ಟವಾದುದು, ಎಲ್ಲಿ ಅವಸರ ಮಾಡಬೇಕು ಎಲ್ಲಿ ಸುಮ್ಮನಿರಬೇಕು ಎಂಬ ವಿವೇಕ. ಲುಕೇಮಿಯದಲ್ಲಿ ಪ್ರೊಮೈಲೊಸೈಟಿಕ್ ಎಂಬ ಒಂದು ಬಗೆ ಇದೆ. ಒಸಡಿನಿಂದ ರಕ್ತ, ಮೈಮೇಲೆ ನೀಲಿ ಕಲೆ, ಪ್ಲೇಟ್‌ಲೆಟ್ ಇಳಿಕೆ. ಮಿದುಳಿನಲ್ಲಿ ರಕ್ತಸ್ರಾವವಾಗಿ ಮೊದಲ ಕೆಲವು ದಿನಗಳಲ್ಲೇ ಸಾಯುವವರು ಇದರಲ್ಲಿ ಹೆಚ್ಚು. ಆದರೆ ಪಟ್ಟಿಯಲ್ಲಿ ಗುಮಾನಿ ಬಂದ ಕೂಡಲೇ, ಖಚಿತ ವರದಿಗೆ ಕಾಯದೆ, ಎ ಜೀವಸತ್ವದ ಸಂಬಂಧಿಯಾದ ಒಂದು ಮಾತ್ರೆಯನ್ನು ಶುರುಮಾಡಿದರೆ, ಆ ಗಂಡಾಂತರ ದಾಟಿದವರಲ್ಲಿ ಬಹುಪಾಲು ಮಂದಿ ಪೂರ್ತಿ ಗುಣವಾಗುತ್ತಾರೆ. ಇಲ್ಲಿ ಒಂದು ರಾತ್ರಿಯ ಲೆಕ್ಕ ಮುಖ್ಯ. ಇದಕ್ಕೆ ತದ್ವಿರುದ್ಧವಾಗಿ, ವಯಸ್ಸಾದವರಲ್ಲಿ ಬರುವ ಒಂದು ಬಗೆಯ ನಿಧಾನದ ಲುಕೇಮಿಯದಲ್ಲಿ ಬಿಳಿ ಕಣ 50 ಸಾವಿರಕ್ಕೆ ಏರಿದ್ದರೂ ರೋಗಿ ಗದ್ದೆಗೆ ಹೋಗಿ ಕೆಲಸ ಮಾಡಿಕೊಂಡಿರಬಹುದು. ಅವರಿಗೆ ವರ್ಷಗಟ್ಟಲೆ ಔಷಧಿಯೇ ಬೇಡ, ಆಗಾಗ ನೋಡಿದರೆ ಸಾಕು. ಕ್ಯಾನ್ಸರ್ ಎಂದು ಹೇಳಿ ಔಷಧಿ ಕೊಡದೆ ಕಳಿಸಲು ವೈದ್ಯನಿಗೆ ಧೈರ್ಯ ಬೇಕು, ಆ ಧೈರ್ಯ ತರಬೇತಿಯಿಂದಲೇ ಬರುತ್ತದೆ.

ಈಗ ನಮ್ಮ ಪ್ರಾಂತ್ಯದ ಮಾತಿಗೆ ಬರೋಣ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಈ ನಾಲ್ಕೂ ಸೇರಿ ಪಾಂಡವಪುರ ಉಪವಿಭಾಗ. ತಾಲ್ಲೂಕು ಆಸ್ಪತ್ರೆಗಳಲ್ಲಿ ರಕ್ತರೋಗ ತಜ್ಞರ ಹುದ್ದೆ ಎಂಬುದೇ ಇರುವುದಿಲ್ಲ. ಇರಬೇಕೆಂದು ಕೇಳುವುದೂ ಸದ್ಯಕ್ಕೆ ನ್ಯಾಯವಲ್ಲ, ಹನ್ನೊಂದೂವರೆ ವರ್ಷ ಓದಿದವರು ಅಷ್ಟೊಂದು ಜನ ದೇಶದಲ್ಲೇ ಇಲ್ಲ. ಶ್ರೀರಂಗಪಟ್ಟಣದವರಿಗೆ ಮೈಸೂರಿನ ದೊಡ್ಡಾಸ್ಪತ್ರೆ ಅರ್ಧ ಗಂಟೆಯ ದಾರಿ. ಪಾಂಡವಪುರದವರಿಗೆ ರೈಲಿದೆ. ನಾಗಮಂಗಲದವರಿಗೆ ತಾಲ್ಲೂಕಿನೊಳಗೇ, ಬಿ.ಜಿ. ನಗರದಲ್ಲಿ 1986ರಿಂದ ಆದಿಚುಂಚನಗಿರಿ ವೈದ್ಯಕೀಯ ಕಾಲೇಜಿದೆ. ಮಂಡ್ಯದಲ್ಲಿ 2006ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ದೂರದ ಕಷ್ಟ ಹೆಚ್ಚಾಗಿರುವುದು ಕೆ.ಆರ್. ಪೇಟೆಯ ಒಳಗಿನ ಹಳ್ಳಿಗಳವರಿಗೆ. ಆದರೆ ನನ್ನ ಅನುಭವದಲ್ಲಿ ರೋಗಿಯ ಕಾಲ ಕಳೆದುಹೋಗುವುದು ರಸ್ತೆಯಲ್ಲಿ ಅಲ್ಲ, ರಸ್ತೆ ಹಿಡಿಯುವ ಮುಂಚಿನ ತಿಂಗಳುಗಳಲ್ಲಿ.

ಅದು ಹೇಗೆಂದರೆ, ಸುಸ್ತು ಎಂದವನಿಗೆ ಹಿಮೊಗ್ಲೋಬಿನ್ ಒಂದನ್ನು ನೋಡಿ ಟಾನಿಕ್ ಕೊಡುತ್ತಾರೆ. ಟಾನಿಕ್‌ನಲ್ಲಿರುವ ಫೋಲಿಕ್ ಆಮ್ಲ ಬಿ-12 ಕೊರತೆಯ ರಕ್ತಹೀನತೆಯನ್ನು ಅಷ್ಟಿಷ್ಟು ಸರಿಮಾಡಿ ಮುಚ್ಚಿಬಿಡುತ್ತದೆ, ನರಗಳು ಮಾತ್ರ ಒಳಗೊಳಗೇ ಕೆಡುತ್ತಾ ಹೋಗುತ್ತವೆ. ಇನ್ನೊಬ್ಬರಿಗೆ ಯಾವ ಪರೀಕ್ಷೆಯನ್ನೂ ಮಾಡದೆ ರಕ್ತ ಏರಿಸುತ್ತಾರೆ. (ಬಾಟಲಿ ಹೋಗಿ ಚೀಲ ಬಂದು ಎಷ್ಟೋ ವರ್ಷವಾಯಿತು, ನಮ್ಮ ಬಾಯಲ್ಲಿ ಮಾತ್ರ ಇನ್ನೂ ಬಾಟಲಿಯೇ.) ಏರಿಸಿದ ಮೇಲೆ ಅವರ ಮೈಯಲ್ಲಿ ಹರಿಯುವುದು ದಾನಿಯ ಕಣಗಳೂ ಬೆರೆತ ರಕ್ತ. ಅದರಲ್ಲಿ ಥಲಸೇಮಿಯವನ್ನಾಗಲಿ ಬಿ-12 ಕೊರತೆಯನ್ನಾಗಲಿ ಹುಡುಕುವುದು ಎರಡು ಪುಸ್ತಕಗಳ ಹಾಳೆ ಬೆರೆಸಿ ಓದಿದ ಹಾಗೆ. ಜೀವಕ್ಕೆ ಅಪಾಯವಿದ್ದರೆ ರಕ್ತ ಏರಿಸಲೇಬೇಕು, ಸಂಶಯವಿಲ್ಲ. ಆದರೆ ಏರಿಸುವ ಮೊದಲು ಒಂದೆರಡು ಚಿಕ್ಕ ಶೀಸೆ ರಕ್ತವನ್ನು ತೆಗೆದಿಟ್ಟು, ಒಂದು ಪಟ್ಟಿ ಸವರಿಟ್ಟರೆ ಮುಂದಿನ ವೈದ್ಯರಿಗೆ ಎಲ್ಲ ಸುಳಿವೂ ಸಿಗುತ್ತದೆ. ಅದಕ್ಕೆ ಐದು ನಿಮಿಷ ಸಾಕು.

ಕತ್ತಿನಲ್ಲಿ ಗಂಟು ಎಂದರೆ ನಮ್ಮಲ್ಲಿ ಮೊದಲ ಯೋಚನೆ ಕ್ಷಯ. ಬಹಳಷ್ಟು ಬಾರಿ ಅದು ಸರಿಯೂ ಹೌದು. ಆದರೆ ತುಣುಕು ತೆಗೆದು ಪರೀಕ್ಷೆ ಮಾಡದೆ ಕ್ಷಯದ ಮಾತ್ರೆ ಆರಂಭಿಸಿ, ಆರು ತಿಂಗಳಾದ ಮೇಲೆ ಗಂಟು ಇನ್ನೂ ದಪ್ಪವಾಗಿ, ಕೊನೆಗೆ ಲಿಂಫೋಮ ಎಂದು ತಿಳಿಯುವುದುಂಟು. ಹೊಸದಾಗಿ ವೃತ್ತಿಗೆ ಬಂದಾಗ ನಾನೇ ಒಮ್ಮೆ ಹೀಗೆ ಮಾಡಿದ್ದೇನೆ, ಆ ಯುವಕನ ಮುಖ ಇನ್ನೂ ಮರೆತಿಲ್ಲ. ಜ್ವರ ಬಿಡದ ಮಗುವಿಗೆ, ಕೀಲು ನೋವೆಂದ ಮಗುವಿಗೆ ಸ್ಟಿರಾಯ್ಡ್ ಸೂಜಿ ಕೊಡುವುದು ಇನ್ನೂ ಕೆಟ್ಟದ್ದು. ಮಕ್ಕಳ ಲುಕೇಮಿಯಕ್ಕೆ ಸ್ಟಿರಾಯ್ಡ್ ಕೂಡ ಒಂದು ಔಷಧಿಯೇ. ಆದ್ದರಿಂದ ನಾಲ್ಕು ದಿನ ಮಗು ಆಡಿಕೊಂಡಿರುತ್ತದೆ, ಪಟ್ಟಿಯಲ್ಲಿ ಕೆಟ್ಟ ಕಣಗಳು ಕಾಣದಂತಾಗುತ್ತವೆ, ರೋಗ ಮಾತ್ರ ಹೋಗಿರುವುದಿಲ್ಲ. ಸರಿಯಾದ ಚಿಕಿತ್ಸೆ ಎರಡು ಎರಡೂವರೆ ವರ್ಷ ನಡೆಯಬೇಕು. ಹಾಗೆ ನಡೆಸಿದರೆ ಮುಂದುವರಿದ ದೇಶಗಳಲ್ಲಿ ಹತ್ತು ಮಕ್ಕಳಲ್ಲಿ ಎಂಟೊಂಬತ್ತು ಮಕ್ಕಳು ಗುಣವಾಗುತ್ತಿದ್ದಾರೆ.

ಮಳೆಗಾಲದಲ್ಲಿ ಪ್ಲೇಟ್‌ಲೆಟ್ ಇಳಿದವರಿಗೆಲ್ಲ ಡೆಂಗಿ ಎಂಬ ಹಣೆಪಟ್ಟಿ ಬೀಳುತ್ತದೆ. ಡೆಂಗಿಯಾದರೆ ವಾರ ಹತ್ತು ದಿನದಲ್ಲಿ ಸಂಖ್ಯೆ ತಾನಾಗಿಯೇ ಏರಬೇಕು. ಏರದಿದ್ದರೆ, ಜೊತೆಗೆ ಹಿಮೊಗ್ಲೋಬಿನ್ ಕೂಡ ಇಳಿದಿದ್ದರೆ, ಬೇರೇನೋ ಇದೆ ಎಂದರ್ಥ. ಅರವತ್ತು ದಾಟಿದವರ ಬಿಡದ ಬೆನ್ನುನೋವನ್ನು ಗದ್ದೆ ಕೆಲಸದ ಮೇಲೆ ಹಾಕಿ ಸುಮ್ಮನಾಗುತ್ತೇವೆ. ಅದರ ಜೊತೆ ರಕ್ತಹೀನತೆ ಇದ್ದು, ಇ.ಎಸ್.ಆರ್. ತುಂಬ ಏರಿದ್ದು, ಮೂತ್ರಪಿಂಡದ ಪರೀಕ್ಷೆಯಲ್ಲಿ ಏರುಪೇರಿದ್ದರೆ ಮೈಲೋಮ ಇರಬಹುದೇ ಎಂದು ನೋಡಬೇಕು. ಎಡಪಕ್ಕೆಯ ಕೆಳಗೆ ಗುಲ್ಮ ಊದಿದ್ದನ್ನು ಜ್ವರಗಡ್ಡೆ ಎಂದು ಕರೆದು ಬರೆ ಹಾಕಿಸುತ್ತಿದ್ದ ಕಾಲವಿತ್ತು. ಅದರಲ್ಲಿ ಕೆಲವು ದೀರ್ಘಕಾಲದ ಮೈಲಾಯ್ಡ್ ಲುಕೇಮಿಯಗಳು. ಹಿಂದೆ ಇದಕ್ಕೆ ಮಜ್ಜೆ ಕಸಿಯೊಂದೇ ದಾರಿಯಾಗಿತ್ತು. 2001ರಲ್ಲಿ ಇಮ್ಯಾಟಿನಿಬ್ ಮಾತ್ರೆ ಬಂದ ಮೇಲೆ, ದಿನಕ್ಕೊಂದು ಹೊತ್ತು ಮಾತ್ರೆ ನುಂಗುತ್ತಾ ರೋಗಿಗಳು ಬೇರೆಯವರಂತೆಯೇ ಬದುಕುತ್ತಿದ್ದಾರೆ. 2013ರಲ್ಲಿ ಸುಪ್ರೀಂ ಕೋರ್ಟ್ ಇದರ ಪೇಟೆಂಟ್ ಕೋರಿಕೆಯನ್ನು ತಳ್ಳಿಹಾಕಿತು. ನಮ್ಮ ಕಂಪನಿಗಳು ತಯಾರಿಸುವ ಅಗ್ಗದ ಮಾತ್ರೆಗಳಿಗೆ ಅದರಿಂದ ತಡೆಯಿಲ್ಲದಂತಾಯಿತು.

ಈ ಎಲ್ಲ ಉದಾಹರಣೆಗಳಲ್ಲೂ ಮೊದಲು ಗುಮಾನಿ ಪಡಬೇಕಾದವರು ತಾಲ್ಲೂಕಿನ ವೈದ್ಯರು, ಡಿ.ಎಂ. ತಜ್ಞರಲ್ಲ. ಆದ್ದರಿಂದಲೇ ನಾನು ಚಿಕ್ಕ ಅವಧಿಯ ಫೆಲೋಷಿಪ್‌ಗಳನ್ನು ಹಗುರವಾಗಿ ಕಾಣುವುದಿಲ್ಲ. ಮಂಡ್ಯದಲ್ಲೋ ಮೈಸೂರಿನಲ್ಲೋ ಇರುವ ಎಂ.ಡಿ. ವೈದ್ಯರೊಬ್ಬರು ದೊಡ್ಡ ಕೇಂದ್ರದಲ್ಲಿ ಒಂದು ವರ್ಷ ಕುಳಿತು ಪಟ್ಟಿ ನೋಡಲು, ಮಜ್ಜೆ ತೆಗೆಯಲು, ಕಿಮೊಥೆರಪಿಯ ಕಾವಲು ಕಾಯಲು ಕಲಿತು ಬಂದರೆ, ಸುತ್ತಲಿನ ಹಳ್ಳಿಗಳಿಗೆ ಅದರಿಂದ ಆಗುವ ಪ್ರಯೋಜನ ಕಡಿಮೆಯಲ್ಲ. ಅವರು ತಮ್ಮನ್ನು ಡಿ.ಎಂ. ಎಂದು ತೋರಿಸಿಕೊಳ್ಳದೆ, ಯಾರನ್ನು ಮುಂದಕ್ಕೆ ಕಳಿಸಬೇಕೆಂದು ಅರಿತಿದ್ದರೆ ಸಾಕು. 2025ರ ಕೇಂದ್ರ ಬಜೆಟ್ಟಿನಲ್ಲಿ ಮೂರು ವರ್ಷದೊಳಗೆ ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲೂ ಹಗಲು ಹೊತ್ತಿನ ಕ್ಯಾನ್ಸರ್ ಚಿಕಿತ್ಸಾ ಕೇಂದ್ರಗಳನ್ನು ತೆರೆಯುವುದಾಗಿ ಪ್ರಕಟಿಸಲಾಯಿತು. ಕುರ್ಚಿ, ಹಾಸಿಗೆ, ಔಷಧಿ ಒದಗಿಸುವುದು ಸುಲಭ. ಅಲ್ಲಿ ನಿಲ್ಲುವ ವೈದ್ಯರಿಗೂ ದಾದಿಯರಿಗೂ ತರಬೇತಿ ಬೇಕು. ಕಿಮೊಥೆರಪಿ ಪಡೆದು ಊರಿಗೆ ಮರಳಿದವರಿಗೆ 100.4 ಡಿಗ್ರಿ ಜ್ವರ ಬಂದರೆ ಅದನ್ನು ಸಾಮಾನ್ಯ ಜ್ವರವೆಂದು ತಿಳಿಯುವಂತಿಲ್ಲ. ಬಿಳಿ ಕಣ ಕುಸಿದಿರುವ ಆ ಹೊತ್ತಿನಲ್ಲಿ ಸೋಂಕು ಗಂಟೆಗಳಲ್ಲಿ ಜೀವ ತೆಗೆಯಬಲ್ಲದು. ಜ್ವರದ ಮಾತ್ರೆ ನುಂಗಿ ಬೆಳಗಾಗಲಿ ಎಂದು ಕಾಯದೆ ಹತ್ತಿರದ ಆಸ್ಪತ್ರೆಗೆ ಓಡಬೇಕು. ಅಲ್ಲಿನ ವೈದ್ಯರು ಬೆಂಗಳೂರಿಗೆ ಹೋಗಿ ಎನ್ನುವ ಮೊದಲು ರಕ್ತನಾಳಕ್ಕೆ ಜೀವನಿರೋಧಕದ ಮೊದಲ ಸೂಜಿಯನ್ನು ಕೊಟ್ಟು ಕಳಿಸಬೇಕು.

ಪತ್ರ ಬರೆದ ಮೇಷ್ಟ್ರಿಗೆ ನನ್ನ ಉತ್ತರ ಇಷ್ಟು. ನಿಮ್ಮ ಅಣ್ಣನವರ ಕಾಯಿಲೆ ಏನೆಂದು ಪತ್ರ ನೋಡಿ ಹೇಳಲಾರೆ. ಚೀಟಿಯಲ್ಲಿ ಬರೆದಂತೆ ಡಿ.ಎಂ. ಆದ ರಕ್ತರೋಗ ತಜ್ಞರನ್ನೋ ಮೆಡಿಕಲ್ ಆಂಕಾಲಜಿಸ್ಟರನ್ನೋ ಒಮ್ಮೆ ಕಾಣಿ, ರೋಗ ಖಚಿತವಾಗುವವರೆಗೆ ಅವರೇ ಸರಿ. ಆಮೇಲಿನ ಸೂಜಿ, ತಪಾಸಣೆಗಳನ್ನು ಫೆಲೋಷಿಪ್ ಮಾಡಿದ ವೈದ್ಯರು ನಿಮ್ಮ ಹತ್ತಿರದಲ್ಲೇ ನೋಡಿಕೊಳ್ಳಬಹುದೇ ಎಂದು ಅವರನ್ನೇ ಕೇಳಿ. ಬಿ.ಪಿ.ಎಲ್. ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. ಹೊರಡುವ ಮೊದಲೇ ಸರ್ಕಾರಿ ಆಸ್ಪತ್ರೆಯಿಂದ ಶಿಫಾರಸು ಪತ್ರ ಮಾಡಿಸಿಕೊಳ್ಳಿ. ರಕ್ತ ಏರಿಸುವುದಕ್ಕೆ ಮುಂಚಿನ ವರದಿಗಳಿದ್ದರೆ ಎಷ್ಟೇ ಹಳೆಯದಾದರೂ ಎಸೆಯಬೇಡಿ. ರಕ್ತ ಏರಿಸಿದ ತಾರೀಖು, ಎಷ್ಟು ಚೀಲ, ಯಾವ ಯಾವ ಸೂಜಿ ಮತ್ತು ಮಾತ್ರೆ ಕೊಟ್ಟರು ಎಂಬುದನ್ನು ಒಂದು ಕಾಗದದಲ್ಲಿ ಬರೆದುಕೊಳ್ಳಿ. ಖಾಲಿ ಮಾತ್ರೆ ಪಟ್ಟಿಗಳಿದ್ದರೂ ತೆಗೆದುಕೊಂಡು ಹೋಗಿ. ಮೊದಲು ಪರೀಕ್ಷೆ ಮಾಡಿದ ಪ್ರಯೋಗಾಲಯದಲ್ಲಿ ಆ ದಿನದ ಗಾಜಿನ ಪಟ್ಟಿಯನ್ನು ಉಳಿಸಿಕೊಂಡಿದ್ದಾರೆಯೇ ಎಂದು ಕೇಳಿ, ಇದ್ದರೆ ಒಡೆಯದಂತೆ ಸುತ್ತಿ ಜೊತೆಗೆ ಒಯ್ಯಿರಿ. ಅಣ್ಣನವರಿಗೂ ಎಲ್ಲಿಗೆ, ಯಾಕೆ ಹೋಗುತ್ತಿದ್ದೇವೆ ಎಂಬುದನ್ನು ಹೇಳಿಯೇ ಕರೆದುಕೊಂಡು ಹೋಗಿ. ಸೊಂಟದ ಮೂಳೆಗೆ ಸೂಜಿ ಹಾಕಿಸಿಕೊಳ್ಳಬೇಕಾದವರು ಅವರು.